ಈಸೂರಿನ ಬಾಲ ಅಮಲ್ದಾರ

ಶಿಕಾರಿಪುರ ತಾಲೂಕಿನ ಈಸೂರು 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡಿತು. ಜಯಣ್ಣನೆಂಬ ಹುಡುಗ ಅಮಲ್ದಾರನಾದ, ಮಲ್ಲಪ್ಪನೆಂಬ ಹುಡುಗ ಸಬ್ ಇನ್ಸ್‌ಪೆಕ್ಟರನಾದ. ಎಳೆಯರನ್ನು ಸರಕಾರ ಜೈಲಿಗೆ ಹಾಕಲಾರದು ಎಂಬುದು ಹಿರಿಯರ ಲೆಕ್ಕಾಚಾರವಾಗಿತ್ತೆಂದು ಹೇಳುತ್ತಾರೆ. ಮುಂದೆ ನಡೆದ ಘರ್ಷಣೆಯಲ್ಲಿ ಸರಕಾರದ ಅಮಲ್ದಾರ ಹಾಗೂ ಸಬ್ ಇನ್ಸ್‌ಪೆಕ್ಟರ್ ಸತ್ತರು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಗಲ್ಲಿಗೇರಿದವರು ದೊಡ್ಡವರು, ಆ ಬಾಲಕರಲ್ಲ.

ಅಂದು ವಯಸ್ಸು ಮಕ್ಕಳಿಗೆ ಗುರಾಣಿಯಾಗಿತ್ತು. ಇಂದು ಆ ಗುರಾಣಿಯನ್ನು ನಾವೇ ಕಿತ್ತುಕೊಳ್ಳುತ್ತಿದ್ದೇವೆ. ಇನ್‌ಸ್ಟಾಗ್ರಾಂ ಸೇರಲು 13 ತುಂಬಿರಬೇಕು. ಮಗು ಹಟ ಮಾಡಿತೆಂದು ಹುಟ್ಟಿದ ವರ್ಷವನ್ನು ಹಿಂದೆ ಸರಿಸಿ ಖಾತೆ ತೆರೆದುಕೊಟ್ಟವರು ನಾವು. ಶಾಲೆಯಲ್ಲಿ ಜೂನ್ 1 ಎಂದು ಜನ್ಮದಿನ ಬರೆಸುತ್ತಿದ್ದ ಹಳೆಯ ಅಭ್ಯಾಸ ಮೊಬೈಲಿಗೂ ಬಂದಿದೆ.

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರೊಳಗಿನವರ ಖಾತೆಗಳನ್ನು ತಡೆದಿದೆ. ಅಲ್ಲಿ ದಂಡ ಕಂಪನಿಗೆ, ಮಗುವಿಗಾಗಲಿ ಹೆತ್ತವರಿಗಾಗಲಿ ಅಲ್ಲ. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಸುಳ್ಳು ವಯಸ್ಸಿನ ಹಿಂದೆ ಅಡಗಿದ ಮಗು ಕಾಯ್ದೆಯ ಕಣ್ಣಿಗೆ ಬೀಳುವುದು ಹೇಗೆ?

ಆದ್ದರಿಂದ ತಯಾರಿ ಮನೆಯಿಂದಲೇ ಆಗಬೇಕು. ಖಾತೆಯ ವಯಸ್ಸನ್ನು ತಿದ್ದೋಣ. ಮುಚ್ಚಬೇಕಾಗಿ ಬಂದರೆ ಮೊದಲು ಮಗುವಿನ ಫೋಟೋಗಳನ್ನು ಉಳಿಸಿಕೊಡೋಣ, ಕಾರಣವನ್ನೂ ತಿಳಿಸೋಣ. ಶಾಲೆಗಳು ಮನೆಪಾಠವನ್ನು ವಾಟ್ಸಾಪಿಗೆ ಬಿಡದೆ ಡೈರಿಯಲ್ಲಿ ಬರೆಸಲಿ, ಪೋಷಕರ ಸಭೆಯಲ್ಲಿ ಈ ಮಾತೆತ್ತಲಿ.

ಈಸೂರಿನ ಹಿರಿಯರು ಮಕ್ಕಳ ವಯಸ್ಸನ್ನು ನಂಬಿದ್ದರು. ನಾವು ಅದನ್ನು ಸರಿಯಾಗಿ ಬರೆದರೆ ಸಾಕು.