ಸೆಟ್ಟಿಯೆಂಬ ಹೆಸರೂ ಕುಲವೃತ್ತಿಗಳ ಮಾರ್ಪಾಡೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ ಸೆಟ್ಟಿಯೆಂಬ ಹೆಸರುಳ್ಳವರು ಅನೇಕರಿರುವರು. ಹೆಣ್ಣುಗಂಡಿನ ಸಂಬಂಧವನ್ನು ನೋಡುವಾಗಲೂ, ಪಂಕ್ತಿಯಲ್ಲಿ ಕುಳಿತಾಗಲೂ ‘ತಾವು ಯಾವ ಸೆಟ್ಟರು?’ ಎಂಬ ಪ್ರಶ್ನೆಯು ಹುಟ್ಟುವುದುಂಟು. ಒಬ್ಬರು ತಾವೇ ನಿಜವಾದ ಸೆಟ್ಟರೆಂದೂ, ಉಳಿದವರು ಆ ಹೆಸರನ್ನು ಕಡ ತಂದವರೆಂದೂ ಬಗೆಯುವರು. ಈ ಬಗೆಗೆ ಚರಿತ್ರೆಯಲ್ಲಿ ಆಧಾರವುಂಟೇ ಎಂಬುದನ್ನು ವಿಚಾರಿಸೋಣ.

ಸಂಸ್ಕೃತದ ‘ಶ್ರೇಷ್ಠೀ’ ಶಬ್ದವು ಪ್ರಾಕೃತದಲ್ಲಿ ‘ಸೆಟ್ಠಿ’ಯಾಗಿ, ಕನ್ನಡದಲ್ಲಿ ‘ಸೆಟ್ಟಿ’ಯಾಗಿ ನಿಂತಿತು. ಉತ್ತರದೇಶದ ‘ಸೇಠ’ನೂ ಇದರ ಒಡಹುಟ್ಟೇ. ವರ್ತಕರ ಸಮೂಹದಲ್ಲಿ ಮುಖ್ಯನಾದವನೆಂಬುದು ಇದರ ಅರ್ಥ. ಅಯ್ಯಾವೊಳೆಯ ಐನೂರ್ವರೆಂಬ ಪ್ರಸಿದ್ಧ ವರ್ತಕಸಂಘದ ಶಾಸನಗಳಲ್ಲಿ ಸೆಟ್ಟಿಗಳ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಅವರು ಸರಕಿನ ಹೇರುಗಳ ಮೇಲೆ ಸುಂಕವನ್ನು ಗೊತ್ತುಮಾಡಿ ದೇವಾಲಯಗಳಿಗೆ ಬಿಟ್ಟುಕೊಟ್ಟರು. 11ನೆಯ ಶತಮಾನದಲ್ಲಿ ಹುಂಚದಲ್ಲಿ ಬಸದಿಯನ್ನು ಕಟ್ಟಿಸಿದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು ಜೈನನು. ಶಿವಭಕ್ತರಾದ ಸೆಟ್ಟಿಗಳೂ, ವಿಷ್ಣುಭಕ್ತರಾದ ಸೆಟ್ಟಿಗಳೂ ಶಾಸನಗಳಲ್ಲಿ ಉಂಟು. ಆದುದರಿಂದ ಸೆಟ್ಟಿತನವು ಮೊದಲಿಗೆ ಒಂದು ಪದವಿಯಾಗಿತ್ತೇ ಹೊರತು ಒಂದು ಕುಲಕ್ಕೆ ಮೀಸಲಾಗಿರಲಿಲ್ಲ. ಧಾರವಾಡ, ವಿಜಯಪುರ ಸೀಮೆಗಳ ಲಿಂಗವಂತ ಬಣಜಿಗರಲ್ಲಿ ಇಂದಿಗೂ ಇರುವ ‘ಪಟ್ಟಣಶೆಟ್ಟಿ’ ಎಂಬ ಮನೆತನದ ಹೆಸರು ಆ ಪದವಿಯ ಗುರುತಾಗಿದೆ.

ಪದವಿಯು ಹೋಗಿ ಹೆಸರು ಉಳಿಯಿತು. ಬಣಜಿಗರು, ಆರ್ಯವೈಶ್ಯರು, ನೇಯುವ ದೇವಾಂಗದವರು, ಎಣ್ಣೆ ತೆಗೆಯುವ ಗಾಣಿಗರು, ಉಪ್ಪಾರರು, ಹೀಗೆ ಹಲವು ಸಮುದಾಯಗಳಲ್ಲಿ ಅದು ನೆಲೆಸಿತು. ಇವರಲ್ಲಿ ಉಪ್ಪಾರರ ವೃತ್ತಾಂತವು ಮನನಯೋಗ್ಯವಾದುದು. ಇವರು ಪೂರ್ವದಲ್ಲಿ ಚೌಳುಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಆರಿಸಿ ಉಪ್ಪು ಮಾಡುತ್ತಿದ್ದರು. ಸಮುದ್ರದ ಉಪ್ಪು ಅಗ್ಗವಾಗಿ ಒಳನಾಡಿಗೆ ಬರತೊಡಗಲು ಆ ಕಸುಬು ಕುಂದಿತು. ಮಣ್ಣನ್ನು ಬಲ್ಲ ಕೈಗಳು ಗೋಡೆ ಕಟ್ಟುವುದಕ್ಕೂ, ಸುಣ್ಣ ಸುಡುವುದಕ್ಕೂ, ಗಾರೆಯ ಕೆಲಸಕ್ಕೂ, ಬೇಸಾಯಕ್ಕೂ ತಿರುಗಿದವು. ಉಪ್ಪು ಹೋದರೂ ಉಪ್ಪಾರನೆಂಬ ಹೆಸರು ಹೋಗಲಿಲ್ಲ. ಗಾಣಿಗರ ಎತ್ತಿನ ಗಾಣಗಳು ಯಂತ್ರದ ಗಿರಣಿಗಳ ಮುಂದೆ ನಿಂತುಹೋದ ಬಗೆಯೂ ಹೀಗೆಯೇ.

ಘಟ್ಟದ ಕೆಳಗಿನ ಬಂಟರಲ್ಲಿಯೂ ಶೆಟ್ಟಿಯೆಂಬ ಹೆಸರುಂಟು. ಅವರು ಮುಖ್ಯವಾಗಿ ಭೂಮಿಯನ್ನು ನಂಬಿದವರು. ಅವರ ಆಸ್ತಿಯು ತಾಯಿಯ ಬಳಿಯನ್ನು ಹಿಡಿದು ಅಳಿಯಸಂತಾನದ ಕಟ್ಟಿನಂತೆ ಇಳಿದುಬರುತ್ತಿತ್ತು. ನಮ್ಮ ಸೀಮೆಯ ಸೆಟ್ಟರಲ್ಲಿ ತಂದೆಯಿಂದ ಮಗನಿಗೆ ಬರುವ ಕ್ರಮ. ಹೆಸರೊಂದೇ ಆದರೂ ವಂಶದ ಲೆಕ್ಕವೇ ಬೇರೆ. ನಮ್ಮ ಹುಣಸೂರು ಸೀಮೆಯ ಕಲ್ಲಹಳ್ಳಿಯ ದೇವರಾಜ ಅರಸರವರು ಮುಖ್ಯಮಂತ್ರಿಗಳಾಗಿದ್ದಾಗ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಭೂಮಿಯು ಉಳುವವನಿಗೆ ಸಂದಿತು. ಭೂಮಿಯನ್ನು ಕಳೆದುಕೊಂಡ ಬಂಟರ ಮನೆಗಳೂ ಹಲವು. ಅದಕ್ಕೆ ಮೊದಲೇ ಅವರಲ್ಲಿ ಅನೇಕರು ಮುಂಬಯಿಯ ಹೋಟೆಲುಗಳಲ್ಲಿ ದುಡಿಯತೊಡಗಿದ್ದರು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಸ್ಥಾಪಿತವಾಗಿತ್ತು. ಬೇಸಾಯಗಾರರ ಹೆಸರಾಗಿದ್ದ ಶೆಟ್ಟಿಯು ಹೀಗೆ ಮರಳಿ ವ್ಯಾಪಾರವನ್ನು ಸೇರಿತು.

ಇಂತು ಹೆಸರು ಒಂದು ಕುಲದಲ್ಲಿ ನಿಲ್ಲದು, ಕಸುಬು ಒಂದು ಹೆಸರಿನಲ್ಲಿ ನಿಲ್ಲದು. ಇಂದು ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹರಾಜಿನಲ್ಲಿ ಎಲೆಯ ಗುಣವನ್ನು ನೋಡಿ ಬೆಲೆ ಕಟ್ಟುವರಲ್ಲದೆ ಬೆಳೆದವನ ಕುಲವನ್ನು ಕೇಳರು. ಸಂತೆಯಲ್ಲಿ ನಾವು ಒಪ್ಪುವ ಈ ನ್ಯಾಯವನ್ನು ಪಂಕ್ತಿಯಲ್ಲಿ ಒಪ್ಪದಿರುವುದು ಯಾವ ಧರ್ಮ? ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಗಾಣದ ಕನ್ನಪ್ಪ ಮೊದಲಾದ ಶರಣರು ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಇರಿಸಿಕೊಂಡರು. ಅದು ಅವರಿಗೆ ಕುಂದಾಗಲಿಲ್ಲ, ಹಿರಿಮೆಗೆ ಸಾಧನವೂ ಆಗಲಿಲ್ಲ. ಕಾಯಕವು ಶುದ್ಧವಾಗಿದ್ದುದರಿಂದ ಹೆಸರೂ ಶುದ್ಧವಾಯಿತು.

ಶ್ರೀಮಠದ ದಾಸೋಹದ ಎಲೆಯ ಮುಂದೆ ಕುಳಿತ ಸದ್ಭಕ್ತರು ‘ಯಾವ ಸೆಟ್ಟರು?’ ಎಂದು ಕೇಳುವ ಮುನ್ನ ‘ಯಾವ ಕಾಯಕ?’ ಎಂದು ಕೇಳುವಂತಾಗಲಿ. ಅದನ್ನೂ ಅಳೆಯುವುದಕ್ಕಾಗಿ ಕೇಳದೆ, ಗೌರವಿಸುವುದಕ್ಕಾಗಿ ಕೇಳಲಿ. ಈ ಮಹೋತ್ಸವದ ಸಮಯದಲ್ಲಿ ಶ್ರೀಗುರುವು ನಮಗೆಲ್ಲ ಆ ಸದ್ಬುದ್ಧಿಯನ್ನು ಕರುಣಿಸಲಿ. ಶುಭಮಸ್ತು.