ಅಡ್ಯಾರನ್ನು ನಡೆದು ದಾಟುತ್ತಿದ್ದ ಕಾಲ

ನೀಲಗಿರಿಯ ಟ್ರೌಟ್ ಮೀನಿನ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತೆ: ಮಂಡಿಮಟ್ಟ ನೀರಲ್ಲಿ ನಿಂತು ಗಾಳ ಬೀಸ್ತಾರಲ್ಲ, ಇವತ್ತು ಈ ಹೊಳೆಗೆ ಇಳೀಬಹುದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ? ಉತ್ತರ ಹುಡುಕ್ತಾ ಹೋದ ನಾನು ಬಂದು ನಿಂತಿದ್ದು ಚೆನ್ನೈನ ಸೈದಾಪೇಟೆಯಲ್ಲಿ. ಹೇಗೆ ಅಂತ ಹೇಳ್ತೀನಿ.

ಟ್ರೌಟ್ ನಮ್ಮ ಮೀನಲ್ಲ. 1863ರಲ್ಲಿ ಫ್ರಾನ್ಸಿಸ್ ಡೇ ಅದನ್ನು ನೀಲಗಿರಿಗೆ ತರೋಕೆ ನೋಡಿ ಸೋತರು. ಎಚ್. ಸಿ. ವಿಲ್ಸನ್ ಕಾಲದಲ್ಲಿ, 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಶುರುವಾದ ಮೇಲೆ ಅದು ಅಲ್ಲಿ ನೆಲೆಯೂರಿತು. ಟ್ರೌಟ್‌ಗೆ ತಣ್ಣಗೆ ಹರಿಯುವ ನೀರೇ ಬೇಕು. ಹಾಗಾಗಿ ಹಿಡಿಯೋನೂ ಹರಿವ ನೀರಿಗೇ ಇಳೀಬೇಕು. ಇಂಥ ಗಾಳಗಾರರು ಪಾಲಿಸುವ ನಿಯಮಗಳು ಸರಳ. ಪಾದ ಕಾಣದಷ್ಟು ನೀರು ಕದಡಿದ್ದರೆ ಇಳೀಬೇಡ. ಕೋಲನ್ನು ಮೂರನೇ ಕಾಲು ಮಾಡ್ಕೊ, ಮುಖ ಮೇಲ್ಹರಿವಿನ ಕಡೆ ಇರಲಿ. ದಡದ ಕಲ್ಲೊಂದರ ಮೇಲೆ ನೀರಿನ ಗೆರೆ ಎಲ್ಲಿದೆ ಅಂತ ಗುರುತಿಟ್ಕೊಂಡು ಆಗಾಗ ತಿರುಗಿ ನೋಡು. ಎಲೆ, ಕಡ್ಡಿ, ನೊರೆ ತೇಲಿ ಬರೋಕೆ ಶುರುವಾದರೆ ಮೀನು ಬಿಟ್ಟು ಮೇಲೆ ಬಾ.

ಇದರ ಹಿಂದೆ ಸ್ವಲ್ಪ ಲೆಕ್ಕ ಇದೆ. ನಾವು ಆಳಕ್ಕೆ ಹೆದರ್ತೀವಿ, ಆದರೆ ಕಾಲು ಕೀಳೋದು ವೇಗ. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತೆ. ಆಸ್ಟ್ರೇಲಿಯಾದ ಪ್ರವಾಹ ಮಾರ್ಗಸೂಚಿ ಆಳವನ್ನು ಮೀಟರ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ತಗೊಂಡು ಗುಣಿಸುತ್ತೆ. ಗುಣಲಬ್ಧ ದೊಡ್ಡವರಿಗೆ 0.6, ಮಕ್ಕಳಿಗೆ 0.4 ದಾಟಿದರೆ ಅಪಾಯ ಏರಲು ಶುರು. ಸೊಂಟಮಟ್ಟ ಅಂದರೆ ಸುಮಾರು 1 ಮೀಟರ್. ಅಷ್ಟು ನೀರು ನಮ್ಮ ಸಾಧಾರಣ ನಡಿಗೆಯ ಅರ್ಧ ವೇಗದಲ್ಲಿ ಹರಿದರೂ ಮಿತಿ ಮುಟ್ಟಿದ ಹಾಗೆ. ನೋಡೋಕೆ ಅದು ಸೋಮಾರಿ ಹೊಳೆ!

ಈಗ ಸೈದಾಪೇಟೆಗೆ ಬನ್ನಿ. ಮದ್ರಾಸಿನ ಕೋಟೆಯಿಂದ ಪರಂಗಿಮಲೆಗೆ, ಅಂದರೆ ಸೇಂಟ್ ಥಾಮಸ್ ಮೌಂಟ್‌ಗೆ ಹೋಗೋ ದಾರಿಗೆ ಅಡ್ಯಾರ್ ನದಿ ಅಡ್ಡ ಬರುತ್ತೆ. ಮೊದಲು ಸೇತುವೆ ಇರಲಿಲ್ಲ. ಜನ ನೀರಿಗಿಳಿದೇ ದಾಟಬೇಕಿತ್ತು. ವರ್ಷದ ಬಹುಪಾಲು ಅಡ್ಯಾರ್‌ನಲ್ಲಿ ನೀರು ಕಮ್ಮಿ, ತೊಂದರೆ ಇರಲ್ಲ. ಆದರೆ ಕ್ಯಾಲೆಂಡರ್ ನೋಡಿ. ಬೆಟ್ಟದ ಮೇಲಿನ ಚರ್ಚಿನ ಹಬ್ಬ ಡಿಸೆಂಬರ್ 18. ಹಳೆಯ ಪಂಚಾಂಗದಲ್ಲಿ ಸಂತ ಥಾಮಸರ ಹಬ್ಬ ಡಿಸೆಂಬರ್ 21. ಇಲ್ಲಿ ಮಳೆ ನಮ್ಮ ಮಲೆನಾಡಿನ ಹಾಗೆ ಆಷಾಢದ್ದಲ್ಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನದು. ಅಂದರೆ ಯಾತ್ರಿಕರು ಹೊಳೆಗೆ ಬರೋ ಹೊತ್ತಿಗೇ ಹೊಳೆಗೆ ನೀರು ಬಂದಿರ್ತಿತ್ತು. ದಡದಲ್ಲಿ ನಿಂತವರ ಮುಂದಿದ್ದ ಲೆಕ್ಕ ಗಾಳಗಾರನದೇ, ಆದರೆ ಇವರ ಜೊತೆ ಮಕ್ಕಳು, ಮುದುಕರು, ತಲೆಮೇಲೆ ಗಂಟು.

ಇದಕ್ಕೆ ಉತ್ತರ ಕೊಟ್ಟವನು ಕೋಜಾ ಪೆಟ್ರಸ್ ಉಸ್ಕಾನ್ ಅನ್ನೋ ಅರ್ಮೇನಿಯನ್ ವ್ಯಾಪಾರಿ. 1726ರಲ್ಲಿ ಸ್ವಂತ ದುಡ್ಡಲ್ಲಿ, 30,000 ವರಾಹ ಖರ್ಚು ಮಾಡಿ ಇಲ್ಲಿ ಕಮಾನಿನ ಸೇತುವೆ ಕಟ್ಟಿಸಿದ. ದುರಸ್ತಿಗೆ ಅಂತ ಇನ್ನೂ 1,500 ವರಾಹ ಎತ್ತಿಟ್ಟ. ಕಟ್ಟಿಸೋರು ಸಿಗ್ತಾರೆ, ದುರಸ್ತಿಗೆ ಎತ್ತಿಡೋರು ಅಪರೂಪ, ನಮ್ಮ ಸಾಫ್ಟ್‌ವೇರ್ ಜಗತ್ತಲ್ಲೂ ಅಷ್ಟೇ. ಬೆಟ್ಟ ಹತ್ತೋ ಮೆಟ್ಟಿಲನ್ನೂ ಅವನೇ ಮಾಡಿಸಿದ. ಹಬ್ಬ ಮತ್ತು ಮಳೆ ಒಟ್ಟಿಗೆ ಬರೋದನ್ನು ಕಣ್ಣಾರೆ ಕಂಡೇ ಅವನು ಈ ಕೆಲಸಕ್ಕೆ ಕೈಹಾಕಿರಬೇಕು ಅನ್ನೋದು ನನ್ನ ಊಹೆ. ಮಾಂಬಲಂ ಅನ್ನೋದು ಯುರೋಪಿಯನ್ನರ ಬಾಯಲ್ಲಿ ಮಾರ್ಮಲಾಂಗ್ ಆಗಿ, ಇದು ಮಾರ್ಮಲಾಂಗ್ ಸೇತುವೆ ಅಂತಲೇ ಹೆಸರಾಯ್ತು. 1960ರ ದಶಕದಲ್ಲಿ ಅದನ್ನು ತೆಗೆದು ಈಗಿನ ಮರೈಮಲೈ ಅಡಿಗಳ್ ಸೇತುವೆ ಕಟ್ಟಿದರು. ಉಸ್ಕಾನ್ ನೆನಪಿಗೆ ಉಳಿದಿರೋದು ಅರ್ಮೇನಿಯನ್, ಪರ್ಷಿಯನ್, ಲ್ಯಾಟಿನ್ ಭಾಷೆಗಳ ಶಾಸನ.

ಸೇತುವೆ ಬಂದ ಮೇಲೆ ಹೊಳೆ ನೋಡಿ ಅಳೆಯೋ ಅಗತ್ಯ ಹೋಯ್ತು. ಅಗತ್ಯದ ಜೊತೆ ಅಭ್ಯಾಸವೂ ಹೋಯ್ತು. 2015ರ ಡಿಸೆಂಬರ್ 1ಕ್ಕೆ ಬರೋಣ. ನವೆಂಬರ್ ಮಳೆಗೇ ಕೆರೆಗಳೆಲ್ಲ ತುಂಬಿ ನಿಂತಿದ್ದವು. ಆ ಒಂದು ದಿನದಲ್ಲಿ ತಾಂಬರಂನಲ್ಲಿ 49 ಸೆಂ.ಮೀ., ಚೆಂಬರಂಬಾಕ್ಕಂನಲ್ಲಿ 47 ಸೆಂ.ಮೀ. ಮಳೆ ಸುರಿಯಿತು. ಚೆಂಬರಂಬಾಕ್ಕಂ ಜಲಾಶಯದಿಂದ ಬಿಡೋ ನೀರನ್ನು ಏರಿಸ್ತಾ ಏರಿಸ್ತಾ 29,000 ಕ್ಯೂಸೆಕ್‌ಗೆ ತಂದರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್, ಗುಣಿಸಿದರೆ ಸೆಕೆಂಡಿಗೆ 8 ಲಕ್ಷ ಲೀಟರ್‌ಗೂ ಹೆಚ್ಚು. ಇದು ಜಲಾಶಯದ್ದು ಮಾತ್ರ. ಮೇಲಿನ ಹತ್ತಾರು ಕೆರೆಗಳ ಕೋಡಿ ನೀರು ಬೇರೆ. ರಾತ್ರಿ ದಡದ ಬಡಾವಣೆಗಳಲ್ಲಿ ಮಲಗಿದ್ದವರ ಮನೆಯೊಳಗೇ ನದಿ ಬಂತು. ಉಸ್ಕಾನನ ಜಾಗದಲ್ಲಿ ನಿಂತಿದ್ದ ಸೇತುವೆಯಲ್ಲೂ ಸಂಚಾರ ನಿಲ್ಲಿಸಬೇಕಾಯ್ತು.

ತಪ್ಪು ಯಾರದು? ಜಲಾಶಯ ನಿರ್ವಹಣೆಯನ್ನು ಮಹಾಲೇಖಪಾಲರ ವರದಿ ಟೀಕಿಸಿತು; ಸರ್ಕಾರ ಮಳೆಯನ್ನೂ ಬೇರೆ ಕೆರೆಗಳನ್ನೂ ತೋರಿಸಿತು. ಮಳೆ ಅಸಾಧಾರಣ ಅನ್ನೋದು ನಿಜ. ಆದರೆ ಗೇಟಿನ ಸುದ್ದಿ ದಡದ ಮನೆಗಳಿಗೆ ನೀರಿಗಿಂತ ಮೊದಲು ತಲುಪಲಿಲ್ಲ ಅನ್ನೋದೇ ನನಗೆ ದೊಡ್ಡ ವಿಷಯ. 1726ಕ್ಕೆ ಮುಂಚೆ ದಡದಲ್ಲಿ ನಿಂತವನಿಗೆ ಕಡೇಪಕ್ಷ ನದಿಯ ಬಣ್ಣ, ತೇಲಿ ಬರೋ ಕಡ್ಡಿ ಸುಳಿವು ಕೊಡ್ತಿದ್ದವು. ಗೇಟು ತೆರೆದಾಗ ನೀರು ಗಂಟೆಗಳಲ್ಲಿ ಬೇರೆಯೇ ನದಿಯಾಗುತ್ತೆ, ನಿಮ್ಮ ತಲೆಮೇಲೆ ಒಂದು ಹನಿ ಬೀಳದಿದ್ದರೂ.

ಅವಲಾಂಚಿಗೂ ಇದೇ ಮಾತು. 2019ರ ಆಗಸ್ಟ್‌ನಲ್ಲಿ ಅಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆಯಾಗಿತ್ತು. ಸುತ್ತ ಕುಂದಾ ವಿದ್ಯುತ್ ಯೋಜನೆಯ ಅಣೆಕಟ್ಟುಗಳೂ ಇವೆ. ಅಲ್ಲಿ ನೀರಿಗೆ ಇಳಿಯೋ ಮುಂಚೆ ಮೇಲೆ ಯಾವ ಅಣೆಕಟ್ಟಿದೆ, ಇವತ್ತು ನೀರು ಬಿಡ್ತಾರಾ ಅಂತ ಊರಿನವರನ್ನು ಕೇಳಿ. ಚೆನ್ನೈನಲ್ಲಿರೋರಿಗೆ ಅದಕ್ಕಿಂತ ಸುಲಭ: ಮೆಟ್ರೊವಾಟರ್ ದಿನಾ ಪ್ರಕಟಿಸೋ ಕೆರೆಗಳ ಪಟ್ಟಿಯಲ್ಲಿ ಎಲ್ಲರೂ ಕುಡಿಯೋ ನೀರು ಎಷ್ಟಿದೆ ಅಂತಷ್ಟೇ ನೋಡ್ತಾರೆ. ನವೆಂಬರ್ ಬಂದರೆ ಚೆಂಬರಂಬಾಕ್ಕಂ ಸಾಲಿನಲ್ಲಿ ಹೊರಹರಿವಿನ ಅಂಕಿಯನ್ನೂ ನೋಡಿ.