ಕರಿ ಕಂಬಳಿಯೂ ಚಳಿಗಡಲ ಪೆಟ್ಟಿಗೆಯೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಿಗೆ ನೀರೆಂದರೆ ಕಾವೇರಿ, ಶಿಂಷಾ, ನಾಲೆ ಮತ್ತು ಕೆರೆ. ಕಡಲು ದೂರದ ಮಾತು. ಚಳಿಯೂ ಅಷ್ಟೆ. ಧನುರ್ಮಾಸದ ನಸುಕಿನಲ್ಲಿ ಉಷ್ಣಾಂಶ 15–16 ಡಿಗ್ರಿಗೆ ಇಳಿದರೆ ಮಫ್ಲರು, ಕುಲಾವಿ, ರಗ್ಗುಗಳೆಲ್ಲ ಅಟ್ಟದಿಂದ ಕೆಳಗೆ ಬರುತ್ತವೆ. ಬಿಸಿಲೇರಿದೊಡನೆ ಮತ್ತೆ ಮಡಿಕೆ ಸೇರುತ್ತವೆ. ಇಂಥ ಸೀಮೆಯ ಹಿರಿಯರು ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋದಾಗ ಅಲಾಸ್ಕಾದ ಹಿಮನದಿ ನೋಡಲು ಹಡಗು ಹತ್ತುವುದು ಈಗ ಅಪರೂಪವಲ್ಲ. ಹೊರಡುವ ಮುನ್ನ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಪೆಟ್ಟಿಗೆಗೆ ಏನೇನು ತುಂಬಬೇಕು?

ಪ್ರಶ್ನೆ ಹೊಸದೇನೂ ಅಲ್ಲ. ಬೆಚ್ಚನೆಯ ನೆಲದಿಂದ ತಣ್ಣನೆಯ ಕಡಲಿಗೆ ಹೊರಟವರೆಲ್ಲ ಅದನ್ನು ಕೇಳಿಕೊಂಡಿದ್ದಾರೆ. ಕೆಲವರಿಗೆ ಕೇಳಿಕೊಳ್ಳುವ ಅವಕಾಶವೇ ಇರಲಿಲ್ಲ. ಅವರ ಗಂಟನ್ನು ಬೇರೆ ಯಾರೋ ಕಟ್ಟಿದ್ದರು. ಈ ಎರಡು ಬಗೆಯವರ ನಡುವಿನ ಅಂತರವೇ ಚಳಿಯುಡುಪಿನ ಚರಿತ್ರೆಯ ತಿರುಳು. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ಮಳವಳ್ಳಿಯಿಂದಲೇ ಆರಂಭಿಸಬಹುದು.

ಸಕಲಾತಿ ತೊಟ್ಟು ಬಂದ ಸೈನ್ಯ

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸ್ ನೇತೃತ್ವದ ಇಂಗ್ಲಿಷರ ಸೈನ್ಯಕ್ಕೂ ಕಾಳಗ ನಡೆಯಿತು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದ ಆರ್ಥರ್ ವೆಲ್ಲೆಸ್ಲಿ ಅಂದು 33ನೆಯ ರೆಜಿಮೆಂಟಿನೊಡನೆ ಇದೇ ಬಯಲಿನಲ್ಲಿದ್ದ. ಟಿಪ್ಪು ಶ್ರೀರಂಗಪಟ್ಟಣಕ್ಕೆ ಹಿಂದೆ ಸರಿದ. ಮೇ 4ರಂದು ಕೋಟೆ ಬಿತ್ತು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಸೈನಿಕರ ಮೈಮೇಲಿದ್ದ ಬಟ್ಟೆಯತ್ತ ಗಮನ ಹರಿಸಿದವರು ಕಡಿಮೆ. ಮಾರ್ಚ್ ತಿಂಗಳ ಕಡೆಯ ವಾರದ ಮಳವಳ್ಳಿಯ ಬಿಸಿಲಿನಲ್ಲಿ ಅವರು ತೊಟ್ಟಿದ್ದುದು ಕೆಂಪು ಉಣ್ಣೆಯ ಕೋಟು!

ಇಂಗ್ಲೆಂಡಿನ ಮಂಜಿಗೂ ಉತ್ತರದ ಕಡಲಿನ ಗಾಳಿಗೂ ಹೇಳಿಸಿದ ಆ ದಪ್ಪ ಉಣ್ಣೆ ಬಟ್ಟೆಯನ್ನು ಕನ್ನಡದ ಜನ ಸಕಲಾತಿ ಎಂದರು, ಬನಾತು ಎಂದರು. ಇಂಗ್ಲೆಂಡಿನ ಉಣ್ಣೆಯನ್ನು ಹೊರದೇಶಗಳಲ್ಲಿ ಮಾರುವ ಹೊಣೆ ಈಸ್ಟ್ ಇಂಡಿಯಾ ಕಂಪೆನಿಯ ಮೇಲಿತ್ತು. ಭಾರತದ ಸೆಕೆಯಲ್ಲಿ ಅದಕ್ಕೆ ಗಿರಾಕಿಗಳು ಸಿಗುವುದು ಕಷ್ಟವಾಗಿತ್ತು. ಕಂಪೆನಿಯ ದೇಶೀ ಸಿಪಾಯಿಗಳಿಗೂ ಕೆಂಪು ಉಣ್ಣೆಯ ಅಂಗಿಯೇ ಸಮವಸ್ತ್ರವಾಯಿತು. ಹೀಗೆ ಮೈಗೆ ಏನು ಬೇಕೆಂಬುದನ್ನು ಹವೆ ತೀರ್ಮಾನಿಸಲಿಲ್ಲ, ದರ್ಜೆ ಮತ್ತು ದರಬಾರು ತೀರ್ಮಾನಿಸಿದವು. ಸೆಕೆಯ ನಾಡಿನಲ್ಲಿ ಉಣ್ಣೆ ತೊಡಿಸಿದ ಅದೇ ವ್ಯವಸ್ಥೆ, ಮುಂದೆ ಚಳಿಯ ನಾಡಿಗೆ ಹತ್ತಿ ಬಟ್ಟೆಯಲ್ಲಿ ಸೈನಿಕರನ್ನು ಕಳುಹಿಸಲಿತ್ತು.

ಕಂಬಳಿಯ ಗುಟ್ಟು

ಸಕಲಾತಿ ಬರುವುದಕ್ಕೆ ಬಹಳ ಹಿಂದಿನಿಂದಲೂ ಈ ಸೀಮೆಯಲ್ಲಿ ಉಣ್ಣೆಯ ಉಡುಪೊಂದು ಇದ್ದೇ ಇತ್ತು. ಅದು ಕುರುಬರ ಕರಿ ಕಂಬಳಿ. ಕುರಿಯ ತುಪ್ಪಟ ಕತ್ತರಿಸಿ, ಬಿಡಿಸಿ, ಹೆಂಗಸರು ನೂಲು ತೆಗೆಯುತ್ತಿದ್ದರು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಕಪ್ಪು ಬಣ್ಣ ಹಚ್ಚಿದ್ದಲ್ಲ, ಕುರಿಯದೇ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಿಸಿ ತಲೆಯ ಮೇಲೆ ಇಳಿಬಿಟ್ಟರೆ ಕೊಪ್ಪೆ. ಮುಂಗಾರಿನ ಜಡಿಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಕುರಿಯ ಹಿಂದೆ ನಿಂತವನು ದಿನವಿಡೀ ನೆನೆದರೂ ನಡುಗುತ್ತಿರಲಿಲ್ಲ.

ಇದರ ಗುಟ್ಟು ಉಣ್ಣೆಯ ಎಳೆಯಲ್ಲಿದೆ. ಮೈಯನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆ ಹಿಡಿದಿಟ್ಟ ಗಾಳಿ. ಗುಂಗುರು ಗುಂಗುರಾದ ಉಣ್ಣೆಯ ಎಳೆಗಳ ನಡುವೆ ಗಾಳಿ ಅಲುಗದೆ ನಿಲ್ಲುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ಕುರಿಯ ಮೈಯ ಜಿಡ್ಡು ಉಳಿದಿದ್ದರೆ ಹನಿಗಳು ಜಾರಿ ಹೋಗುತ್ತವೆ. ಹತ್ತಿ ಹಾಗಲ್ಲ. ನೆನೆದರೆ ಅದರ ಗಾಳಿಯ ಜಾಗವನ್ನೆಲ್ಲ ನೀರು ತುಂಬುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಸೆಳೆಯುತ್ತದೆ. ಬೇಸಿಗೆಯಲ್ಲಿ ಹತ್ತಿ ಬಟ್ಟೆ ಹಿತವಾಗುವುದೂ, ತಣ್ಣನೆಯ ಕಡಲಿನಲ್ಲಿ ಅದೇ ಬಟ್ಟೆ ಅಪಾಯವಾಗುವುದೂ ಈ ಒಂದೇ ಕಾರಣಕ್ಕೆ. ಇಂಗ್ಲಿಷ್ ಕಾಲುವೆಯ ಗರ್ನ್‌ಸಿ ದ್ವೀಪದ ಮೀನುಗಾರರು, ಐರ್ಲೆಂಡಿನ ಅರಾನ್ ದ್ವೀಪಗಳ ಬೆಸ್ತರು ಜಿಡ್ಡು ಪೂರ್ತಿ ತೆಗೆಯದ ಉಣ್ಣೆಯಿಂದಲೇ ಒತ್ತಾಗಿ ಹೆಣೆದ ಸ್ವೆಟರು ತೊಡುತ್ತಿದ್ದರು. ಮಳವಳ್ಳಿಯ ಕುರುಬನೂ ಅರಾನಿನ ಬೆಸ್ತನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಇಬ್ಬರಿಗೂ ಕುರಿ ಕಲಿಸಿದ ಪಾಠ ಒಂದೇ.

ಇನ್ನೊಂದು ನೂಲು ರೇಷ್ಮೆ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಬೇರು ಕೊಟ್ಟ. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹೊಲಗಳಲ್ಲಿ ಇಂದಿಗೂ ಹಿಪ್ಪುನೇರಳೆ ಇದೆ. ತೆಳುವಾದರೂ ಬೆಚ್ಚಗಿರುವ ರೇಷ್ಮೆ ಮೈಗೆ ಅಂಟಿದಂತೆ ತೊಡುವ ಒಳ ಉಡುಪಿಗೆ ಹೇಳಿಸಿದ್ದು. ಇಲ್ಲೊಂದು ಸ್ವಾರಸ್ಯವಿದೆ. ಸಂಪ್ರದಾಯಸ್ಥರ ಮನೆಗಳಲ್ಲಿ ಹತ್ತಿ ಬಟ್ಟೆಯನ್ನು ಒಗೆದು ಒಣಗಿಸಿಯೇ ಮಡಿ ಮಾಡಬೇಕಿತ್ತು. ಉಣ್ಣೆಯ ಧಾವಳಿಗೂ ರೇಷ್ಮೆಯ ಮಗುಟಕ್ಕೂ ಆ ಕಟ್ಟು ಇರಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಹೇಳುತ್ತಿದ್ದ ಮನೆಗಳಲ್ಲೇ, ಸಮುದ್ರ ದಾಟುವವನಿಗೆ ಬೇಕಾದ ಎರಡು ಬಟ್ಟೆಗಳು ಮಡಿಕೋಲಿನ ಮೇಲೆ ನೇತಾಡುತ್ತಿದ್ದವು.

ಎರಡು ಪೆಟ್ಟಿಗೆಯ ಪಯಣ

ಹಡಗಿನಲ್ಲಿ ವಿಲಾಯತಿಗೆ ಹೋಗುತ್ತಿದ್ದ ಕಾಲದಲ್ಲಿ ಅನುಕೂಲಸ್ಥರು ಎರಡು ಬಗೆಯ ಪೆಟ್ಟಿಗೆ ಕಟ್ಟುತ್ತಿದ್ದರು. ಒಂದಕ್ಕೆ ‘ಪಯಣದಲ್ಲಿ ಬೇಕು’ ಎಂಬ ಚೀಟಿ, ಇನ್ನೊಂದಕ್ಕೆ ‘ಪಯಣದಲ್ಲಿ ಬೇಡ’ ಎಂಬ ಚೀಟಿ. ಬೇಡವಾದದ್ದು ಹಡಗಿನ ತಳಕ್ಕೆ ಹೋಗುತ್ತಿತ್ತು. ಮುಂಬಯಿಯಿಂದ ಕೆಂಪು ಸಮುದ್ರದವರೆಗೆ ಬೆವರಿಳಿಯುವ ಸೆಕೆ; ಸೂಯೆಜ್ ದಾಟಿ ಮೆಡಿಟರೇನಿಯನ್ ಸೇರಿದೊಡನೆ ಗಾಳಿ ಬದಲಾಗುತ್ತಿತ್ತು. ತೆಳುವಾದ ಬಟ್ಟೆ ಒಳಗೆ, ಉಣ್ಣೆಯ ಸೂಟು ಹೊರಗೆ. ಎರಡು ವಾರದ ದಾರಿಯಲ್ಲಿ ಎರಡು ಋತುಗಳು ಕಳೆಯುತ್ತಿದ್ದವು.

1931ರ ಆಗಸ್ಟ್ 29ರಂದು ಮುಂಬಯಿಯಿಂದ ‘ರಾಜಪುತಾನ’ ಹಡಗಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೊರಟ ಗಾಂಧೀಜಿಗೂ ಇದೇ ಪ್ರಶ್ನೆ ಎದುರಾಯಿತು. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಭಾಗವಹಿಸಿದ ಪರಿಷತ್ತೂ ಅದೇ. ಲಂಡನ್ನಿನ ಚಳಿಗೆ ಹೆದರಿ ಗಾಂಧೀಜಿಯ ಸಂಗಡಿಗರು ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ತಂದಿದ್ದರು. ಗಾಂಧೀಜಿ ಅವನ್ನು ತೆಗೆಸಿ ನೋಡಿ, ಹೆಚ್ಚಿನವನ್ನು ಏಡನ್ ಬಂದರಿನಿಂದಲೇ ಹಿಂದಕ್ಕೆ ಕಳುಹಿಸಿದರು. ತಾವು ಮಾತ್ರ ತುಂಡುಪಂಚೆ, ಶಾಲು, ಚಪ್ಪಲಿಗಳಲ್ಲೇ ಲಂಡನ್ನಿನ ನವೆಂಬರ್ ಚಳಿಯನ್ನು ಕಳೆದರು. ಅದೇ ಉಡುಪಿನಲ್ಲಿ ಐದನೆಯ ಜಾರ್ಜ್ ದೊರೆಯ ಅರಮನೆಗೂ ಹೋಗಿ ಬಂದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಅವರ ಲೆಕ್ಕ. ಆ ಬಡತನ ಅವರು ತಾವಾಗಿ ಆರಿಸಿಕೊಂಡದ್ದು ಎಂಬುದನ್ನು ಮರೆಯಬಾರದು. ಅವರ ಪೆಟ್ಟಿಗೆ ಅವರ ಕೈಯಲ್ಲಿತ್ತು.

ಬೇರೆಯವರು ಕಟ್ಟಿದ ಗಂಟು

ಹಡಗಿನ ತಳದಲ್ಲಿ ದುಡಿದವರಿಗೆ ಆ ಭಾಗ್ಯ ಇರಲಿಲ್ಲ. ಲಸ್ಕರರೆಂದು ಹೆಸರಾದ ಭಾರತದ ನಾವಿಕರು ಕಂಪೆನಿಯ ಕಾಲದಿಂದಲೂ ಲಂಡನ್ನಿಗೆ ಹಡಗು ನಡೆಸಿದರು. ಬೆಚ್ಚನೆಯ ಕಡಲಿಗೆ ಹೇಳಿಸಿದ ಹತ್ತಿ ಬಟ್ಟೆಯಲ್ಲಿ ಥೇಮ್ಸ್ ದಂಡೆಯಲ್ಲಿ ಇಳಿದು, ಮರಳುವ ಹಡಗಿಗಾಗಿ ಕಾಯುತ್ತ ಚಳಿಗಾಲ ಕಳೆಯಬೇಕಾಗುತ್ತಿತ್ತು. ಚಳಿಗೂ ಕಾಯಿಲೆಗೂ ಸಿಕ್ಕಿ ಸತ್ತವರು ಅನೇಕರು. ಕೊನೆಗೆ 1814ರಲ್ಲಿ ಬ್ರಿಟಿಷ್ ಸಂಸತ್ತು ಕಾಯಿದೆ ಮಾಡಿ, ಇವರು ಊರಿಗೆ ಮರಳುವವರೆಗೆ ಅನ್ನ, ಬಟ್ಟೆ, ವಸತಿ ಕೊಡುವ ಹೊಣೆಯನ್ನು ಕಂಪೆನಿಗೆ ಹೊರಿಸಬೇಕಾಯಿತು. 1857ರಲ್ಲಿ ಲಂಡನ್ನಿನ ಲೈಮ್‌ಹೌಸಿನಲ್ಲಿ ಏಷ್ಯಾದ ನಾವಿಕರಿಗೆಂದೇ ಒಂದು ತಂಗುದಾಣ ತೆರೆಯಿತು. ಒಂದು ಉಣ್ಣೆಯ ಅಂಗಿಗಾಗಿ ಕಾಯಿದೆಯೇ ಬೇಕಾಯಿತು ಎಂಬುದು ಅಂದಿನ ಸ್ಥಿತಿಯನ್ನು ಹೇಳುತ್ತದೆ.

ನೂರು ವರ್ಷ ಕಳೆದರೂ ಪಾಠ ಪೂರ್ತಿ ಅರ್ಥವಾಗಿರಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮುಂಬಯಿ, ಕರಾಚಿಗಳಿಂದ ಹೊರಟ ಭಾರತೀಯ ಪಡೆಗಳು ಸೆಪ್ಟೆಂಬರ್ 26ರಿಂದ ಫ್ರಾನ್ಸಿನ ಮಾರ್ಸೆಲ್ಸ್ ಬಂದರಿನಲ್ಲಿ ಇಳಿದವು. ಸೈನಿಕರ ಮೈಮೇಲಿದ್ದುದು ಹತ್ತಿಯ ಖಾಕಿ. ಯುದ್ಧ ಚಳಿಗಾಲಕ್ಕೆ ಮುಂಚೆ ಮುಗಿದೀತೆಂಬ ಭ್ರಮೆ, ಅವಸರ, ಅಸಡ್ಡೆ ಎಲ್ಲ ಸೇರಿ ಬೆಚ್ಚನೆಯ ಉಡುಪು ತಡವಾಗಿ ಬಂದಿತು. ಕಂದಕದ ಕೆಸರುನೀರಿನಲ್ಲಿ ನಿಂತವರ ಕಾಲುಗಳು ಹಿಮಕ್ಕೆ ಸೆಟೆದುಹೋದವು. ಮೈಸೂರು ಸಂಸ್ಥಾನದ ಕುದುರೆಪಡೆಯಾದ ಮೈಸೂರು ಲ್ಯಾನ್ಸರ್ಸ್ ಅದೇ ವರ್ಷ ಹಡಗು ಹತ್ತಿದರೂ ಅವರನ್ನು ಕಳುಹಿಸಿದ್ದು ಈಜಿಪ್ಟಿಗೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಪಡೆಗಳಲ್ಲಿ ಅವರೂ ಇದ್ದರು. ಹಡಗು ಉತ್ತರಕ್ಕೆ ತಿರುಗದೆ ಮರುಭೂಮಿಯ ದಡದಲ್ಲಿ ನಿಂತದ್ದರಿಂದ ಅವರು ಫ್ರಾನ್ಸಿನ ಹಿಮದಿಂದ ಪಾರಾದರು; ಪಾರುಮಾಡಿದ್ದು ಆಜ್ಞೆಯೇ ಹೊರತು ಬಟ್ಟೆಯಲ್ಲ.

ಇದೇ ಕಾಲದಲ್ಲಿ ಬೇರೆ ದಾರಿ ಹಿಡಿದವನು ನಾರ್ವೆಯ ಅಮುಂಡ್ಸನ್. 1903ರಿಂದ 1905ರವರೆಗೆ ಉತ್ತರ ಕೆನಡಾದ ಹಿಮದಲ್ಲಿ ಹಡಗು ನಿಲ್ಲಿಸಿಕೊಂಡು, ಅಲ್ಲಿನ ಇನ್ಯುಯಿಟ್ ಜನರ ತುಪ್ಪುಳಿನ ಉಡುಪನ್ನು ಅವರಿಂದಲೇ ಕಲಿತ. ಅವರ ಬಟ್ಟೆ ಮೈಗೆ ಬಿಗಿಯದೆ ಸಡಿಲವಾಗಿರುತ್ತಿತ್ತು. ಬೆವರು ಒಳಗೆ ನಿಲ್ಲುತ್ತಿರಲಿಲ್ಲ. ಆ ಕಲಿಕೆಯ ಬಲದಿಂದ 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದ. ‘ಹಿಂದುಳಿದವರ’ ಉಡುಪೆಂದು ಮೂಗು ಮುರಿಯದಿದ್ದುದೇ ಅವನ ಜಾಣತನ.

ಇಂದಿನ ಪೆಟ್ಟಿಗೆ

ಇಷ್ಟೆಲ್ಲ ಚರಿತ್ರೆಯಿಂದ ಇಂದು ಅಲಾಸ್ಕಾಕ್ಕೆ ಹೊರಟವರಿಗೆ ಸಿಗುವುದೇನು? ಮೊದಲನೆಯದಾಗಿ, ಹೆದರಿಕೆಯ ತೂಕ ಇಳಿಯುತ್ತದೆ. ಈ ಹಡಗುಗಳು ಹೆಚ್ಚಾಗಿ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಓಡುತ್ತವೆ. ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಜುಲೈ ತಿಂಗಳ ಹಗಲಿನ ಗರಿಷ್ಠ ಉಷ್ಣಾಂಶದ ಸರಾಸರಿ ಸುಮಾರು 18 ಡಿಗ್ರಿ. ಅಂದರೆ ಮಂಡ್ಯದ ಧನುರ್ಮಾಸದ ಮುಂಜಾವಿಗಿಂತ ತುಸು ಬೆಚ್ಚಗೆ! ಅಲ್ಲಿ ಕಾಡುವುದು ಬರಿಯ ಚಳಿಯಲ್ಲ, ಮಳೆ ಮತ್ತು ಗಾಳಿ. ಶೂನ್ಯ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಮೈನಸ್ 7 ಡಿಗ್ರಿಯಂತೆ ತೋರುತ್ತದೆ. ಹಡಗೇ ಓಡುತ್ತಿರುವುದರಿಂದ ಅಟ್ಟದ ಮೇಲೆ ನಿಂತವರಿಗೆ ಗಾಳಿ ತಪ್ಪಿದ್ದಲ್ಲ.

ಆದ್ದರಿಂದ ಒಂದು ಭಾರಿ ಕೋಟಿಗಿಂತ ಮೂರು ಪದರ ಮೇಲು. ಮೈಗೆ ತಾಗುವಂತೆ ತೆಳುವಾದ ಉಣ್ಣೆ ಅಥವಾ ರೇಷ್ಮೆಯ ಒಳ ಉಡುಪು. ಬೆವರನ್ನು ಅದು ಹೊರಹಾಕುತ್ತದೆ. ಅದರ ಮೇಲೆ ಗಾಳಿ ಹಿಡಿದಿಡುವ ಸ್ವೆಟರು. ಎಲ್ಲಕ್ಕೂ ಮೇಲೆ ಮಳೆ, ಗಾಳಿಗಳನ್ನು ತಡೆಯುವ ಟೋಪಿಸಹಿತ ಜಾಕೆಟ್ಟು. ಅದು ಕೊಪ್ಪೆಯ ಕೆಲಸವನ್ನೇ ಮಾಡುತ್ತದೆ. ಸೆಕೆಯಾದರೆ ಒಂದೊಂದೇ ಕಳಚಬಹುದು. ಕಾಲಿಗೆ ಉಣ್ಣೆಯ ಚೀಲ ಎರಡು ಮೂರು ಜೊತೆ, ನೀರಿಳಿಯದ ಶೂ, ಕೈಗವಸು, ಕಿವಿ ಮುಚ್ಚುವ ಟೋಪಿ ಮರೆಯಬಾರದು. ಸೀರೆ ಬಿಡಲೊಲ್ಲದ ತಾಯಂದಿರು ಒಳಗೆ ಉಣ್ಣೆಯ ಕಾಲುಡುಪು ತೊಟ್ಟರೆ ಸಾಕು, ಆದರೆ ನೂಲಿನ ಸೀರೆ ಬೇಡ. ಅಂಚು ನೆನೆದರೆ ಚಳಿ ಮೇಲೇರುತ್ತದೆ.

ಆ ಪೆಟ್ಟಿಗೆಯಲ್ಲಿ ಕರಿ ಕಂಬಳಿಗೆ ಜಾಗ ಸಿಗಲಿಕ್ಕಿಲ್ಲ. ಅದು ಒರಟು, ಭಾರ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕುರಿಗೂ ಇಂದು ಹೆಸರಿರುವುದು ಮಾಂಸದ ರುಚಿಗೆ, ತುಪ್ಪಟಕ್ಕಲ್ಲ. ನಾಲೆ ಬಂದು ಗದ್ದೆ, ಕಬ್ಬು ಹಬ್ಬಿದಂತೆ ಕುರಿ ಮೇಯುವ ಬಯಲು ಕಿರಿದಾಯಿತು. ಮಳೆಗೆ ಪ್ಲಾಸ್ಟಿಕ್ ಹಾಳೆ ಬಂದಿತು, ಕೊಪ್ಪೆ ಅಟ್ಟ ಸೇರಿತು. ಆದರೂ ಕುರುಬರ ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಕಂಬಳಿ ಹಾಸದೆ ಶಾಸ್ತ್ರ ನಡೆಯುವುದಿಲ್ಲ. ಹಿಮನದಿಯ ಮುಂದೆ ನಿಂತು ಜಾಕೆಟ್ಟಿನ ಟೋಪಿಯನ್ನು ತಲೆಯ ಮೇಲೆ ಎಳೆದುಕೊಳ್ಳುವ ಮದ್ದೂರಿನ ಅಜ್ಜನಿಗೆ, ಮುಂಗಾರಿನಲ್ಲಿ ಕೊಪ್ಪೆ ಹಾಕಿ ಕುರಿ ಕಾಯುತ್ತಿದ್ದವರ ನೆನಪು ಬಂದರೆ ಅದು ಸಹಜವೇ. ಅವರು ಯಾವ ಹಡಗನ್ನೂ ಹತ್ತಿದವರಲ್ಲ. ಆದರೆ ಲಂಡನ್ನಿನ ದಂಡೆಯಲ್ಲಿ ನಡುಗಿದ ಲಸ್ಕರರ ಹೆಗಲ ಮೇಲೆ, ಫ್ರಾನ್ಸಿನ ಕಂದಕದ ಸಿಪಾಯಿಯ ಹೆಗಲ ಮೇಲೆ ಅವರ ಮಗ್ಗದ ಒಂದು ಕಂಬಳಿ ಇದ್ದಿದ್ದರೆ ಎಷ್ಟೋ ಜನ ಊರಿಗೆ ಮರಳುತ್ತಿದ್ದರು.